ಸ್ಪೇಸ್ ಸ್ಟೇಷನ್ 13ರಲ್ಲಿ ಜಾನಿಟರ್ ಕೆಲಸ: ನೀರು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ಕಣದ ಮೇಲೆ ಪಾಚಿ ಕಟ್ಟಿದರೆ ಯಾರೂ ಅಲ್ಲಿ ಓಡುವುದಿಲ್ಲ. ಬಾಹ್ಯಾಕಾಶ ನಿಲ್ದಾಣವೊಂದರ ಸಿಬ್ಬಂದಿಯಾಗಿ ಹಲವರು ಒಟ್ಟಿಗೆ ಆಡುವ ಆನ್‌ಲೈನ್ ಆಟ ಸ್ಪೇಸ್ ಸ್ಟೇಷನ್ 13ರಲ್ಲಿ ಮಾತ್ರ ಎಲ್ಲರೂ ಸದಾ ಓಡುತ್ತಲೇ ಇರುತ್ತಾರೆ. ನೀವು ಒರೆಸಿದ ಒದ್ದೆ ನೆಲದ ಮೇಲೆ ಓಡಿಬಂದವರು ಜಾರಿ ಬೀಳುತ್ತಾರೆ, ಕೈಯಲ್ಲಿದ್ದದ್ದೂ ಬಿದ್ದುಹೋಗುತ್ತದೆ. ಗಾಯಾಳುವನ್ನು ಎಳೆದುಕೊಂಡು ಮೆಡ್‌ಬೇ ಎಂಬ ಆಸ್ಪತ್ರೆ ವಿಭಾಗಕ್ಕೆ ಓಡುತ್ತಿದ್ದವರು ಹೀಗೆ ಬಿದ್ದರೆ ಆ ಕೆಲವು ಸೆಕೆಂಡಿನಲ್ಲಿ ಗಾಯಾಳುವಿನ ಜೀವ ಹೋಗಬಹುದು. ಅದಕ್ಕೇ ಜಾನಿಟರ್, ಅಂದರೆ ಸ್ಟೇಷನ್ನಿನ ಸ್ವಚ್ಛತಾ ಕೆಲಸಗಾರ, ಮೊದಲು ಕಲಿಯಬೇಕಾದದ್ದು ಎಲ್ಲಿ, ಯಾವಾಗ ನೆಲ ಒದ್ದೆ ಮಾಡಬಾರದು ಎಂಬುದನ್ನು.

ಇಲ್ಲಿ ಹೇಳಿರುವುದು ಟಿಜಿ ಕೋಡ್ (ಈ ಆಟದ ಒಂದು ಆವೃತ್ತಿ) ಬಳಸುವ ಸರ್ವರ್‌ಗಳ ಲೆಕ್ಕ. ಬೇರೆ ಸರ್ವರ್‌ಗಳಲ್ಲಿ ಅಳತೆ, ಬಟನ್‌ಗಳು ಸ್ವಲ್ಪ ಬದಲಾಗುತ್ತವೆ. ಆಟ ನಡೆಯುವುದು ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುವ ಬಯಾಂಡ್ ಎಂಬ ತಂತ್ರಾಂಶದ ಮೇಲೆ. ಮಾತೆಲ್ಲ ಟೈಪ್ ಮಾಡುವುದೇ. ಇಂಗ್ಲಿಷ್ ಮಾತನಾಡಲು ಹಿಂಜರಿಯುವವರಿಗೂ ತೊಂದರೆಯಿಲ್ಲ, 'ವೆಟ್ ಫ್ಲೋರ್, ಮೆಡ್‌ಬೇ ಡೋರ್' ಎನ್ನುವಷ್ಟು ಬರೆಯಲು ಬಂದರೆ ಈ ಕೆಲಸ ನಡೆಯುತ್ತದೆ. ಸಮಯ ನೋಡಿಕೊಳ್ಳಿ: ಹಾಸನದಲ್ಲಿ ರಾತ್ರಿ 11.30 ಆದಾಗ ಚಳಿಗಾಲದ ಜರ್ಮನಿಯಲ್ಲಿ ಸಂಜೆ 7. ನಮ್ಮ ಬೆಳಗಿನ 6 ಗಂಟೆಗೆ ನ್ಯೂಯಾರ್ಕ್‌ನಲ್ಲಿ ಹಿಂದಿನ ದಿನದ ರಾತ್ರಿ 7.30 ಅಥವಾ 8.30. ಜನ ಸೇರುವುದು ಅವರವರ ಊರಿನ ಸಂಜೆ ಹೊತ್ತಿಗೆ. ಮಳೆಗೆ ಕರೆಂಟ್ ಹೋಗಿ ಸಂಪರ್ಕ ತಪ್ಪಿದರೆ ನಿಮ್ಮ ಪಾತ್ರ ನಿಂತಲ್ಲೇ ಮಂಕಾಗಿ ನಿಂತಿರುತ್ತದೆ. ಅದೇ ಲಾಗಿನ್‌ನಲ್ಲಿ ಮತ್ತೆ ಬಂದರೆ ಅದೇ ದೇಹಕ್ಕೆ ಮರಳುತ್ತೀರಿ. ಹಾಗಾಗಿ ಮೋಡ ಕವಿದ ದಿನ ಆಟದಲ್ಲಿ ನಿಮ್ಮ ಮಾಪ್ ಗಾಡಿಯನ್ನು ಓಣಿಯ ನಡುವೆ ಬಿಡದೆ ಗೋಡೆಗೆ ಒತ್ತಿ ನಿಲ್ಲಿಸುವುದು ಒಳ್ಳೆಯ ಅಭ್ಯಾಸ.

ಶಿಫ್ಟ್ ಶುರುವಾದಾಗ ನೀವು ಜಾನಿಟರ್ ಕೋಣೆಯಲ್ಲಿ ಇರುತ್ತೀರಿ. ನಿಮ್ಮ ಮೇಲಧಿಕಾರಿ ಹೆಡ್ ಆಫ್ ಪರ್ಸೊನೆಲ್. ಗಾಡಿ, ಮಾಪ್, ಬಕೆಟ್, ಸ್ಪೇಸ್ ಕ್ಲೀನರ್ ಸ್ಪ್ರೇ, ಕಸದ ಚೀಲ, ಲೈಟ್ ರಿಪ್ಲೇಸರ್, 'ಒದ್ದೆ ನೆಲ' ಫಲಕಗಳು, ಗಲೋಶಸ್ ಎಂಬ ರಬ್ಬರ್ ಬೂಟು ಎಲ್ಲವೂ ಅಲ್ಲೇ ಸಿಗುತ್ತವೆ. ಬೂಟನ್ನು ಮೊದಲೇ ಹಾಕಿಕೊಳ್ಳಿ. ನಡಿಗೆ ನಿಧಾನವಾಗುತ್ತದೆ, ಆದರೆ ನೀರಿನ ಮೇಲೆ ಜಾರುವುದಿಲ್ಲ. ಸ್ಪೇಸ್ ಲ್ಯೂಬ್ ಎಂಬ ಜಾರುಎಣ್ಣೆಯ ಮುಂದೆ ಮಾತ್ರ ಈ ಬೂಟಿನ ಆಟ ನಡೆಯದು.

ಹೊಸಬರು ಎಡವುವುದು ಇದಾದ ಮೇಲೆ. ಗಾಡಿಯ ಬಕೆಟ್ ಖಾಲಿ ಇರುತ್ತದೆ. ಅದನ್ನು ನೋಡದೆ ಒಣ ಮಾಪ್ ಹಿಡಿದು ಹೊರಟರೆ 'ಮಾಪ್ ಒಣಗಿದೆ' ಎಂಬ ಸಂದೇಶ ಬರುತ್ತದೆಯೇ ಹೊರತು ಕಲೆ ಹೋಗುವುದಿಲ್ಲ. ಕೈಬಕೆಟ್ ಹಿಡಿದು ನೀರಿನ ಟ್ಯಾಂಕ್ ಮೇಲೋ ಸಿಂಕ್ ಮೇಲೋ ಕ್ಲಿಕ್ ಮಾಡಿ ತುಂಬಿಸಿ, ಆ ನೀರನ್ನು ಗಾಡಿಗೆ ಸುರಿಯಿರಿ. ತುಂಬುವವರೆಗೆ ಇದನ್ನೇ ಮತ್ತೆ ಮಾಡಿ. ನಂತರ ಮಾಪ್‌ನಿಂದ ಗಾಡಿಯನ್ನು ಕ್ಲಿಕ್ ಮಾಡಿದರೆ ಮಾಪ್ ಒದ್ದೆಯಾಗುತ್ತದೆ. ಕಲೆಯಿರುವ ಚೌಕವನ್ನು ಕ್ಲಿಕ್ ಮಾಡಿ, ಕೆಲಸ ಎಷ್ಟಾಯಿತು ಎಂದು ತೋರಿಸುವ ಪಟ್ಟಿ ತುಂಬುವ ತನಕ ಅಲುಗಾಡಬೇಡಿ. ಒಂದು ಹೆಜ್ಜೆ ಇಟ್ಟರೂ ಒರೆಸುವುದು ಅರ್ಧಕ್ಕೆ ನಿಲ್ಲುತ್ತದೆ. ಗಾಡಿಯನ್ನು ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿದರೆ ಎಳೆಯಬಹುದು. ಎಕ್ಸ್ ಒತ್ತಿದರೆ ಕೈ ಬದಲಾಗುತ್ತದೆ, ಕ್ಯೂ ಒತ್ತಿದರೆ ಕೈಯಲ್ಲಿದ್ದದ್ದು ಕೆಳಗೆ.

ಒರೆಸುವ ಕ್ರಮ ಮನೆಯ ರೆಡ್‌ಆಕ್ಸೈಡ್ ನೆಲದ್ದೇ: ದೂರದ ಮೂಲೆಯಿಂದ ಶುರುಮಾಡಿ ಬಾಗಿಲ ಕಡೆಗೆ ಹಿಂದೆ ಹಿಂದೆ ಬರುವುದು. ಮುಖ್ಯ ಓಣಿಗಳು ಸಾಮಾನ್ಯವಾಗಿ ಮೂರು ಚೌಕ ಅಗಲ. ಅಡ್ಡಕ್ಕೆ ಮೂರನ್ನೂ ಒಟ್ಟಿಗೆ ಒರೆಸಬೇಡಿ. ಒಂದು ಸಾಲು ಉದ್ದಕ್ಕೆ ಒರೆಸಿ, ಒಣಗಲು ಬಿಟ್ಟು, ಆಮೇಲೆ ಪಕ್ಕದ ಸಾಲು. ಆಗ ಓಡುವವರಿಗೆ ಯಾವಾಗಲೂ ಒಂದು ಒಣ ದಾರಿ ಉಳಿಯುತ್ತದೆ. ಫಲಕ ಇಟ್ಟ ಮಾತ್ರಕ್ಕೆ ಯಾರೂ ಜಾರದೆ ಉಳಿಯುವುದಿಲ್ಲ, ಅದು ಕಣ್ಣಿಗೆ ಎಚ್ಚರಿಕೆ ಅಷ್ಟೆ. ಓಡುವುದನ್ನು ಬಿಟ್ಟು ನಡಿಗೆಗೆ ಬದಲಿಸಿಕೊಂಡವರು ನೀರಿನ ಮೇಲೂ ಬೀಳುವುದಿಲ್ಲ, ಫಲಕ ನೆನಪಿಸುವುದು ಅದನ್ನು. ಆದ್ದರಿಂದ ಒದ್ದೆ ಜಾಗದ ಮಧ್ಯದಲ್ಲಿ ಇಡದೆ, ಅದು ಶುರುವಾಗುವ ಎರಡು ಚೌಕ ಮುಂಚೆ ಇಡಿ.

ಮೆಡ್‌ಬೇ ಬಾಗಿಲು, ಸೆಕ್ಯುರಿಟಿ ಜೈಲಿನ ಮುಂದಿನ ಜಾಗ, ಅಲಾರಂ ಕೂಗುತ್ತಿರುವಾಗ ಎಂಜಿನಿಯರಿಂಗ್ ಓಣಿ: ಇಲ್ಲಿ ನೀರು ಬೇಡವೇ ಬೇಡ. ಗಾಳಿ ಸೋರಿ ತಣ್ಣಗಾದ ಕೋಣೆಯಲ್ಲೂ ಬೇಡ. ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೆ ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯಾಗುತ್ತದೆ, ನೀರಿಗೆ ಒದಗುವ ಬೂಟು ಮಂಜುಗಡ್ಡೆಗೆ ಒದಗುವುದಿಲ್ಲ.

ಹಾಗಾದರೆ ಅಲ್ಲಿನ ರಕ್ತ ತೆಗೆಯುವುದು ಹೇಗೆ? ಸ್ಪೇಸ್ ಕ್ಲೀನರ್‌ನಿಂದ. ಅದು ಕಲೆ ತೆಗೆಯುತ್ತದೆ, ನೆಲವನ್ನು ಜಾರಿಸುವುದಿಲ್ಲ. ಗಾಡಿಯಲ್ಲಿ ನೀರಿನ ಬದಲು ಅದನ್ನೇ ತುಂಬಿಸಿದರೆ ಮಾಪ್ ಕೂಡ ಜಾರಿಸದೆ ಒರೆಸುತ್ತದೆ. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ, ಆದರೂ ಹೆಚ್ಚಿನವರು ಸ್ಪ್ರೇ ಬಾಟಲಿ ಖಾಲಿಯಾದ ಮೇಲೆ ಮತ್ತೆ ನೀರಿಗೇ ಹೋಗುತ್ತಾರೆ. ಕೆಮಿಸ್ಟ್ ಹತ್ತಿರ ಹೋಗಿ, ಬರೀ ಕ್ಲೀನರ್ ಬೇಕು ಎನ್ನದೆ ಅಳತೆಯನ್ನೂ ಕೊಟ್ಟರೆ ಬೇಗ ಮಾಡಿಕೊಡುತ್ತಾರೆ. 3 ಪಾಲು ಹೈಡ್ರೋಜನ್, 1 ಪಾಲು ನೈಟ್ರೋಜನ್ ಸೇರಿದರೆ 3 ಪಾಲು ಅಮೋನಿಯಾ. ಅಮೋನಿಯಾ ಮತ್ತು ನೀರು ಸಮಸಮ ಸೇರಿದರೆ ಕ್ಲೀನರ್. 50 ಯೂನಿಟ್ ಹಿಡಿಯುವ ಸಾಮಾನ್ಯ ಬೀಕರ್‌ಗೆ ಲೆಕ್ಕ ಹೀಗೆ: ಹೈಡ್ರೋಜನ್ 24, ನೈಟ್ರೋಜನ್ 8, ಇವೆರಡು ಕೂಡಿ ಅಮೋನಿಯಾ 24 ಆಗುವವರೆಗೆ ಕಾಯಿರಿ, ಆಮೇಲೆ ನೀರು 24. ಸಿಗುವುದು 48. ಹೈಡ್ರೋಜನ್ ಹೆಚ್ಚಾದರೆ ಅದು ತಳದಲ್ಲೇ ಉಳಿದು ಬೀಕರಿನ ಜಾಗ ತಿನ್ನುತ್ತದೆ.

ಇಡೀ ಕೋಣೆ ರಕ್ತಮಯವಾಗಿದ್ದರೆ ಕ್ಲೀನರ್ ಗ್ರೆನೇಡ್ ಬೇಕು. ಒಂದು ಬೀಕರಿನಲ್ಲಿ ನೊರೆ ಬರಿಸುವ ಫ್ಲೋರೋಸರ್ಫ್ಯಾಕ್ಟೆಂಟ್ 40, ಇನ್ನೊಂದರಲ್ಲಿ ನೀರು 40 ಮತ್ತು ಕ್ಲೀನರ್ 10. ನೊರೆಯೂ ಜಾರುತ್ತದೆ, ಒಳಗೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡೇ ಎಸೆಯಿರಿ.

ರಕ್ತ ಕಂಡೊಡನೆ ಒರೆಸುವುದು ಇನ್ನೊಂದು ದೊಡ್ಡ ತಪ್ಪು. ಒರೆಸಿದರೆ ಡಿಟೆಕ್ಟಿವ್‌ಗೆ ಬೇಕಾದ ಸಾಕ್ಷಿಯೂ ಅಳಿಸಿಹೋಗುತ್ತದೆ. ಹೆಣ, ಬಿದ್ದ ಆಯುಧ, ಒಡೆದ ಬಾಗಿಲು ಕಂಡರೆ ಕೈ ಹಾಕದೆ ರೇಡಿಯೋದಲ್ಲಿ ಜಾಗದ ಹೆಸರು ಹೇಳಿ. ಡಿಟೆಕ್ಟಿವ್ ಸ್ಕ್ಯಾನ್ ಮಾಡಿ 'ಆಯ್ತು' ಎಂದ ಮೇಲೆ ನಿಮ್ಮ ಸರದಿ. ಅವಸರದಲ್ಲಿ ಒರೆಸಿದ ಜಾನಿಟರ್ ಕೊಲೆಗಾರನ ಸಂಗಡಿಗನಂತೆ ಕಾಣುತ್ತಾನೆ, ಸೆಕ್ಯುರಿಟಿಯವರು ಹಾಗೆಂದುಕೊಂಡರೆ ಅವರ ತಪ್ಪಲ್ಲ.

ದೀಪಗಳಿಗೆ ಲೈಟ್ ರಿಪ್ಲೇಸರ್ ಸಾಕು. ಉರಿಯುತ್ತಿದ್ದ ಬಲ್ಬನ್ನು ಬರಿಗೈಯಲ್ಲಿ ಕಿತ್ತರೆ ಕೈ ಸುಡುತ್ತದೆ. ರಿಪ್ಲೇಸರ್ ಖಾಲಿಯಾದರೆ ಗಾಜಿನ ಹಾಳೆ ಹಾಕಿ ತುಂಬಿಸಬಹುದು. ಕಸದ ಚೀಲವನ್ನು ಡಿಸ್ಪೋಸಲ್ ತೊಟ್ಟಿಯ ಮೇಲೆ ಖಾಲಿ ಮಾಡಿ. ಸೋಪನ್ನು ನೆಲದ ಮೇಲೆ ಬಿಡಬೇಡಿ, ಅದರ ಮೇಲೂ ಜಾರುತ್ತಾರೆ.

ಒಬ್ಬರಿಂದ ಇಡೀ ಸ್ಟೇಷನ್ ಆಗದು, ಅದಕ್ಕೆ ತಾನೇ ನೆಲ ಒರೆಸುವ ರೋಬಾಟ್ ಕ್ಲೀನ್‌ಬಾಟ್ ಇದೆ. ಬಕೆಟ್‌ಗೆ ಪ್ರಾಕ್ಸಿಮಿಟಿ ಸೆನ್ಸರ್ ಸೇರಿಸಿ, ನಂತರ ರೋಬಾಟ್ ತೋಳು ಸೇರಿಸಿದರೆ ತಯಾರು. ತೋಳು ರೋಬಾಟಿಕ್ಸ್‌ನವರ ಹತ್ತಿರ ಸಿಗುತ್ತದೆ. ಎರಡು ಬಾಟ್‌ಗಳನ್ನು ಬಾರ್ ಮತ್ತು ಮುಖ್ಯ ಓಣಿಗೆ ಬಿಟ್ಟು, ನೀವು ಮೆಡ್‌ಬೇ ಸುತ್ತ ಇರಿ. ನಿಮ್ಮ ಪಿಡಿಎಯಲ್ಲಿ (ಕೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್) ಮಾಪ್, ಗಾಡಿ, ಬಾಟ್ ಎಲ್ಲಿವೆ ಎಂದು ತೋರಿಸುವ ಆ್ಯಪ್ ಇದೆ. ಬಾಟ್ ಇದ್ದಕ್ಕಿದ್ದಂತೆ ಜನರ ಮೇಲೆ ಆಸಿಡ್ ಚಿಮ್ಮಿಸಿದರೆ ಯಾರೋ ಅದನ್ನು ಕೆಡಿಸಿದ್ದಾರೆ, ದೂರ ಸರಿದು ಸೆಕ್ಯುರಿಟಿಗೆ ತಿಳಿಸಿ.

ಎಲ್ಲರನ್ನೂ ಸ್ಟೇಷನ್‌ನಿಂದ ಕರೆದೊಯ್ಯುವ ಎಸ್ಕೇಪ್ ಶಟಲ್ ನೌಕೆಯನ್ನು ಕರೆದ ಘೋಷಣೆ ಬಂದರೆ ನೀರಿನ ಮಾಪ್ ಗಾಡಿಗೆ ಹಾಕಿ. ಶಟಲ್ ಬಂದು ನಿಲ್ಲುವುದು 3 ನಿಮಿಷ ಮಾತ್ರ, ಆಗ ನಿರ್ಗಮನ ಓಣಿಯಲ್ಲಿ ಎಲ್ಲರೂ ಒಟ್ಟಿಗೆ ಓಡುತ್ತಾರೆ. ಅಲ್ಲಿ ರಕ್ತವಿದ್ದರೆ ಇರಲಿ. ಫಲಕಗಳನ್ನು ಎತ್ತಿ, ಗಾಡಿಯನ್ನು ಬಾಗಿಲಿನಿಂದ ದೂರ ನಿಲ್ಲಿಸಿ, ದಾರಿ ಒಣಗಿದೆಯೇ ಎಂದು ಒಮ್ಮೆ ನೋಡಿಕೊಂಡು ನೀವೂ ಹತ್ತಿ.