ಕಡ್ಡಿಯಲ್ಲಿ ಎರಡು ಗೆರೆ ಬಂತು, ಸರಿ. ಗರ್ಭ ಕೂತಿರೋದು ಎಲ್ಲಿ?

ಮೆಡಿಕಲ್ ಶಾಪಿನಿಂದ ತಂದ ಕಡ್ಡಿ ಹೇಳೋದು ಒಂದೇ ವಿಷಯ, ನೀವು ಬಸುರಿ ಅಂತ. ಗರ್ಭ ಎಲ್ಲಿ ಕೂತಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಗರ್ಭಕೋಶದಲ್ಲಿದ್ದರೂ ಎರಡು ಗೆರೆ, ಅದರ ಪಕ್ಕದ ಅಂಡನಾಳ, ಅಂದರೆ ಟ್ಯೂಬಿನಲ್ಲಿದ್ದರೂ ಎರಡು ಗೆರೆ.

ನೂರು ಬಸಿರಿನಲ್ಲಿ ಒಂದೋ ಎರಡೋ ಹೀಗೆ ಗರ್ಭಕೋಶದ ಹೊರಗೆ ಕೂರುತ್ತವೆ, ಅದರಲ್ಲೂ ಹೆಚ್ಚಿನವು ಟ್ಯೂಬಿನಲ್ಲಿ. ಡಾಕ್ಟರು ಇದಕ್ಕೆ ಎಕ್ಟೋಪಿಕ್ ಅಂತಾರೆ. ಟ್ಯೂಬು ಸಣ್ಣ ನಳಿಕೆ, ಗರ್ಭಕೋಶದ ಹಾಗೆ ಹಿಗ್ಗುವುದಿಲ್ಲ. ಗರ್ಭ ಬೆಳೆಯುತ್ತಾ ಹೋದರೆ ಅದು ಒಡೆಯಬಹುದು. ಆಗ ರಕ್ತ ಹೊಟ್ಟೆಯೊಳಗೇ ಸೋರುತ್ತದೆ, ಹೊರಗೆ ಕಾಣೋದು ನಾಲ್ಕು ಹನಿ. ಆ ಗರ್ಭವನ್ನು ತೆಗೆದು ಗರ್ಭಕೋಶದಲ್ಲಿ ಇಡೋಕೆ ಯಾವ ದೊಡ್ಡ ಆಸ್ಪತ್ರೆಯಲ್ಲೂ ಆಗುವುದಿಲ್ಲ.

ಸಿಂಧನೂರು ಕಡೆ ಇರುವ ನಮ್ಮ ಚಿಗವ್ವನ ಮಗಳಿಗೆ ಇದೇ ಆಯಿತು. ಎರಡು ಮಕ್ಕಳಾದ ಮೇಲೆ ಆಪರೇಷನ್ ಆಗಿತ್ತು, ಹಾಗಾಗಿ ಬಸಿರು ಅನ್ನೋದು ಯಾರ ತಲೆಗೂ ಹೊಳೆಯಲಿಲ್ಲ. ಮುಟ್ಟು ಹತ್ತು ದಿನ ತಡವಾಗಿ ಕಂದು ಬಣ್ಣದಲ್ಲಿ ಚೂರು ಚೂರು ಕಾಣಿಸಿಕೊಂಡಿತು, ಕಿಬ್ಬೊಟ್ಟೆಯ ಒಂದು ಕಡೆ ನೋವು. "ಉಷ್ಣ ಆಗೈತಿ, ಮಜ್ಜಿಗಿ ಕುಡಿ" ಅಂದರು ಮನೆಯಲ್ಲಿ. ಆಮೇಲೆ ಭುಜದ ತುದಿ ನೋಯತೊಡಗಿತು, ಅದನ್ನು ಹತ್ತಿ ಗಂಟು ಹೊತ್ತಿದ್ದಕ್ಕೆ ಅಂದುಕೊಂಡಳು. ಹೊಟ್ಟೆಯೊಳಗೆ ಸೋರಿದ ರಕ್ತ ಎದೆಯ ಕೆಳಗಿನ ಪೊರೆಗೆ ತಾಗಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ ಅನ್ನೋದು ನಮಗೆ ಯಾರಿಗೆ ಗೊತ್ತಿತ್ತು? ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದ ಮೇಲೆ ಆಸ್ಪತ್ರೆಗೆ ಓಡಿದ್ದು. ಉಳಿದಳು. ಒಂದು ಟ್ಯೂಬು ತೆಗೆದರು, ರಕ್ತ ಏರಿಸಿದರು.

ಅದಕ್ಕೇ ಹೇಳೋದು, ಆಪರೇಷನ್ ಆಗಿರಲಿ, ಕಾಪರ್‌-ಟಿ ಇರಲಿ, ಮುಟ್ಟು ತಪ್ಪಿ ಹೊಟ್ಟೆ ನೋಯುತ್ತಿದ್ದರೆ ಮೊದಲು ಕಡ್ಡಿ ಪರೀಕ್ಷೆ ಮಾಡಿ. ಇವೆರಡರಲ್ಲಿ ಯಾವುದೇ ಒಂದಿದ್ದೂ ಬಸಿರಾದರೆ ಅದು ಟ್ಯೂಬಿನಲ್ಲಿರುವ ಸಾಧ್ಯತೆ ಜಾಸ್ತಿ. ಹಿಂದೆ ಎಕ್ಟೋಪಿಕ್ ಆದವರು, ಕಿಬ್ಬೊಟ್ಟೆಯಲ್ಲಿ ಸೋಂಕು ಅಥವಾ ಗರ್ಭಕೋಶದ ಟಿಬಿ ಆದವರೂ ಹುಷಾರಾಗಿರಬೇಕು. ಇದ್ಯಾವುದೂ ಇಲ್ಲದವರಿಗೂ ಆಗುತ್ತದೆ.

ಇನ್ನೊಂದು ವಿಷಯ, ಇದಕ್ಕೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ಬಸಿರು ಬೇಡ ಅಂತ ಸ್ಕ್ಯಾನ್ ಇಲ್ಲದೆ ಗಂಡನ ಕೈಲಿ ಗರ್ಭ ಇಳಿಸುವ ಗುಳಿಗೆ ತರಿಸಿ ನುಂಗುವುದು. ಆ ಗುಳಿಗೆ ಟ್ಯೂಬಿನ ಗರ್ಭಕ್ಕೆ ಕೆಲಸ ಮಾಡುವುದಿಲ್ಲ. ಆದರೆ ರಕ್ತ ಹೋಗುತ್ತದೆ, ಎಲ್ಲ ಮುಗಿಯಿತು ಅಂತ ಸುಮ್ನೆ ಇರ್ತೀರಿ, ಒಳಗೆ ಅದು ಬೆಳೆಯುತ್ತಲೇ ಇರುತ್ತದೆ.

ಸ್ಕ್ಯಾನ್ ಯಾವಾಗ? ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿ, ಆರು ವಾರದ ಹೊತ್ತಿಗೆ ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಗರ್ಭದ ಚೀಲ ಕಾಣುತ್ತದೆ. ನೋವೋ ರಕ್ತವೋ ಇದ್ದರೆ ಅಲ್ಲಿಯವರೆಗೂ ಕಾಯಬೇಡಿ. ತೊಂದರೆ ಆಗೋದು ಇಲ್ಲಿ: "ಏನೂ ಕಾಣ್ತಿಲ್ಲ, ಎರಡು ದಿನ ಬಿಟ್ಟು ಬನ್ನಿ" ಅಂತ ಡಾಕ್ಟರು ಹೇಳಿದರೆ ಬಸ್ ಚಾರ್ಜು, ಕೂಲಿ ಲೆಕ್ಕ ಹಾಕಿ ನಮ್ಮವರು ಮತ್ತೆ ಹೋಗುವುದೇ ಇಲ್ಲ. ದಯವಿಟ್ಟು ಹೋಗಿ. ಬಸಿರಿನ ಹಾರ್ಮೋನು ಅಳೆಯುವ ಬೀಟಾ ಎಚ್‌ಸಿಜಿ ಅನ್ನೋ ರಕ್ತ ಪರೀಕ್ಷೆಯನ್ನು 48 ಗಂಟೆ ಬಿಟ್ಟು ಇನ್ನೊಮ್ಮೆ ಮಾಡುತ್ತಾರೆ, ಸರಿಯಾದ ಬಸಿರಾದರೆ ಅಂಕಿ ಚೆನ್ನಾಗಿ ಏರಿರುತ್ತದೆ. ಏರಿಕೆ ನಿಧಾನವಾದರೆ, ಅಲ್ಲೇ ನಿಂತರೆ ಅನುಮಾನ. ಬೇಗ ಸಿಕ್ಕರೆ ಕೆಲವರಿಗೆ ಗರ್ಭದ ಬೆಳವಣಿಗೆ ನಿಲ್ಲಿಸುವ ಮೆಥೋಟ್ರೆಕ್ಸೇಟ್ ಇಂಜೆಕ್ಷನ್‌ನಲ್ಲೇ ಮುಗಿಯುತ್ತದೆ, ಆಪರೇಷನ್ ಬೇಕಾಗುವುದಿಲ್ಲ.

ರಕ್ತ ಕಂಡ ಕೂಡಲೇ ಎಲ್ಲವೂ ಎಕ್ಟೋಪಿಕ್ ಅಲ್ಲ, ಹೆದರಬೇಡಿ. ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ರಕ್ತ ಕಾಣಿಸುತ್ತದೆ, ಎಷ್ಟೋ ಜನಕ್ಕೆ ಬಸಿರು ಚೆನ್ನಾಗೇ ಮುಂದುವರಿಯುತ್ತದೆ. ಗರ್ಭ ಹೋದರೂ ಬಹಳ ಸಲ ಅದು ಗರ್ಭದಲ್ಲೇ ಇದ್ದ ವರ್ಣತಂತುಗಳ ದೋಷ. ಬಸ್ಸು ಹತ್ತಿದ್ದಕ್ಕೆ, ಕೊಡ ಎತ್ತಿದ್ದಕ್ಕೆ ಅಂತ ಸೊಸೆಯನ್ನು ಬೈಯುವವರು ಇದನ್ನು ಎರಡು ಸಲ ಓದಿ.

ಈಗ ಓಡಬೇಕಾದ ಹೊತ್ತು ಯಾವುದು ಅಂದರೆ, ಒಂದೇ ಸಮನೆ ಜೋರು ಹೊಟ್ಟೆನೋವು, ಭುಜದ ತುದಿಯಲ್ಲಿ ನೋವು, ತಲೆ ಸುತ್ತಿ ಬೀಳುವುದು, ತಣ್ಣನೆ ಬೆವರು, ಅಥವಾ ಗಂಟೆಗೆ ಎರಡು ಪ್ಯಾಡ್ ನೆನೆಯುವಷ್ಟು ರಕ್ತ. 108ಕ್ಕೆ ಫೋನ್ ಮಾಡಿ. "ಹೊಟ್ಟೆನೋವು" ಅಂತಷ್ಟೇ ಹೇಳಬೇಡಿ, "ಬಸುರಿ, ಹೊಟ್ಟೆನೋವು, ತಲೆ ಸುತ್ತಿ ಬಿದ್ದಿದ್ದಾಳೆ" ಅನ್ನಿ. ಮಲಗಿಸಿ. ಆಪರೇಷನ್ ಆಗಬಹುದು, ಹಾಗಾಗಿ ಊಟ, ಚಹಾ ಏನೂ ಕೊಡಬೇಡಿ. ರಕ್ತ ಮತ್ತು ಆಪರೇಷನ್ ಎರಡೂ ಇರುವ ಕಡೆಗೇ ಹೋಗಬೇಕು, ಅಂದರೆ ರಾಯಚೂರಿನ ರಿಮ್ಸ್ ಆಸ್ಪತ್ರೆ, ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆ, ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಅನ್ನುವ ಆಸ್ಪತ್ರೆ, ಅಥವಾ ಹತ್ತಿರದಲ್ಲಿ ಇಂಥ ಸೌಲಭ್ಯ ಇರುವ ಬೇರೆ ಆಸ್ಪತ್ರೆ. ಊರಿನ ಆಶಾ ಕಾರ್ಯಕರ್ತೆಗೂ ಒಂದು ಫೋನ್ ಹಾಕಿ.

ಹೋಗುವಾಗ ಕೊನೆಯ ಮುಟ್ಟಿನ ತಾರೀಖು, ರಕ್ತದ ಗುಂಪು, ಹಳೆ ಸ್ಕ್ಯಾನ್, ತಾಯಿ ಕಾರ್ಡ್, ನುಂಗಿದ ಗುಳಿಗೆಯ ಚೀಟಿ ಜೊತೆಗಿರಲಿ. ಗುಳಿಗೆ ತಗೊಂಡಿದ್ದನ್ನು ಮುಚ್ಚಿಡಬೇಡಿ. ರಕ್ತ ನೆಗೆಟಿವ್ ಗುಂಪಾದರೆ, ಮುಂದಿನ ಬಸಿರಿಗೆ ತೊಂದರೆ ಆಗದಂತೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಬೇಕಾ ಅಂತ ನೀವೇ ಕೇಳಿ.

ಮೆಥೋಟ್ರೆಕ್ಸೇಟ್ ಆದವರು ಎಚ್‌ಸಿಜಿ ಪೂರ್ತಿ ಇಳಿಯುವವರೆಗೆ ರಕ್ತ ಪರೀಕ್ಷೆಗೆ ಹೋಗುತ್ತಿರಬೇಕು, ಡಾಕ್ಟರು ಹೇಳುವವರೆಗೆ ಫೋಲಿಕ್ ಆಸಿಡ್ ಗುಳಿಗೆ ಮುಟ್ಟಬಾರದು, ಕನಿಷ್ಠ ಮೂರು ತಿಂಗಳು ಬಸಿರಾಗಬಾರದು. ಒಂದು ಟ್ಯೂಬು ಹೋದರೂ ಇನ್ನೊಂದು ಚೆನ್ನಾಗಿದ್ದರೆ ಮಕ್ಕಳಾಗುತ್ತವೆ. ಮುಂದಿನ ಸಲ ಮುಟ್ಟು ನಿಂತರೆ ಮಾತ್ರ ಮೂರು ತಿಂಗಳು ತುಂಬಲಿ ಆಮೇಲೆ ಹೇಳೋಣ ಅಂತ ಕೂರಬೇಡಿ, ಆರನೇ ವಾರಕ್ಕೇ ಸ್ಕ್ಯಾನ್ ಮಾಡಿಸಿ.