ಜಿಪ್ಸಿಗೆ ಎಣ್ಣೆ ಕ್ಲಚ್

ಹೋದ ವರ್ಷದ ಜುಲೈನಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ನನ್ನ ಜಿಪ್ಸಿಯ ಕ್ಲಚ್ ಕೇಬಲ್ ತುಂಡಾಯಿತು. ಜೋರು ಮಳೆ, ತಿರುವು, ಹಿಂದೆ ಬಸ್ಸು. ಎಂಜಿನ್ ಆಫ್ ಮಾಡಿ, ಮುಂದಿನ ಚಕ್ರಗಳಿಗೆ ಎಂಜಿನ್ ಬಲ ಹೋಗದಂತೆ ಅವುಗಳ ಹಬ್‌ಗಳನ್ನು ಫ್ರೀಯಲ್ಲೇ ಬಿಟ್ಟು, ಲೋ ರೇಂಜಿನ (ವೇಗ ಕಮ್ಮಿ, ಬಲ ಜಾಸ್ತಿ) ಒಂದನೇ ಗೇರಿಗೆ ಹಾಕಿ ಸ್ಟಾರ್ಟರ್ ಹೊಡೆದೆ. ಸ್ಟಾರ್ಟರ್ ಬಲದಲ್ಲೇ ಗಾಡಿ ತೆವಳಿತು, ಎಂಜಿನ್ ಹಿಡಿದುಕೊಂಡಿತು. ಅದೇ ಗೇರಿನಲ್ಲಿ ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ನನಗೆ ಕೇಬಲ್ ಸಹವಾಸ ಸಾಕಾಗಿತ್ತು.

ತಪ್ಪು ಗಾಡಿಯದ್ದಲ್ಲ. ಅಗ್ಗ ಅಂತ ಡೂಪ್ಲಿಕೇಟ್ ಕೇಬಲ್ ಹಾಕಿಸಿದ್ದು ನಾನೇ. ಆದರೆ ತೋಟದಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ಕೆಸರಲ್ಲಿ ಓಡಾಡುವ ಗಾಡಿಗೆ ಹಾಫ್ ಕ್ಲಚ್, ಅಂದರೆ ಪೆಡಲ್ ಅರ್ಧ ಒತ್ತಿ ಓಡಿಸುವುದು, ತಪ್ಪಿದ್ದಲ್ಲ. ಕೇಬಲ್ ಒಳಗೆ ನೀರು ಹೋದರೆ ತುಕ್ಕು. ತುಕ್ಕು ಹಿಡಿದರೆ ಬಾಗಿದ ಕಡೆಯೆಲ್ಲ ಉಜ್ಜಾಟ. ಮಳೆಗಾಲ ಮುಗಿಯುವ ಹೊತ್ತಿಗೆ ಎಡ ಮಂಡಿ ನೋಯುತ್ತಿತ್ತು.

ಕೇಬಲ್ ತೆಗೆದು ಎಣ್ಣೆಯ ಒತ್ತಡದಿಂದ ನಡೆಯುವ (ಹೈಡ್ರಾಲಿಕ್) ಕ್ಲಚ್ ಮಾಡುತ್ತೇನೆ ಅಂತ ಮೂಡಿಗೆರೆಯ ಮೆಕ್ಯಾನಿಕ್‌ಗೆ ಹೇಳಿದರೆ ಅವರು ನಕ್ಕರು. "ಎಂತ ಮಾರಾಯ್ರೆ, ಒಳ್ಳೆ ಕೇಬಲ್ ಹಾಕಿ ಸುಮ್ನಿರಿ." ಈಗ ಯೋಚಿಸಿದರೆ ಅರ್ಧ ಸರಿಯೇ. ಆದರೂ ವೆಲ್ಡಿಂಗ್‌ಗೆ ಒಪ್ಪಿದರು. ಉಳಿದ ಕೆಲಸ ಮನೆಯ ಕಣದಲ್ಲಿ ನಾನೇ ಮಾಡಿದೆ.

ವ್ಯವಸ್ಥೆ ಸರಳ. ಪೆಡಲ್ ಹತ್ತಿರ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್, ಗೇರ್‌ಬಾಕ್ಸ್ ಹತ್ತಿರ ಆ ಎಣ್ಣೆಯ ಒತ್ತಡಕ್ಕೆ ಚಲಿಸುವ ಸ್ಲೇವ್ ಸಿಲಿಂಡರ್, ನಡುವೆ ಉಕ್ಕಿನ ಬ್ರೇಕ್ ಪೈಪ್. ಕೊನೆಯಲ್ಲಿ ಒಂದು ಗೇಣು ರಬ್ಬರ್ ಹೋಸ್ ಬೇಕೇ ಬೇಕು, ಎಂಜಿನ್ ಅಲುಗಾಡುತ್ತಲ್ಲ. ಕ್ಲಚ್ ಬಿಡಿಸುವ ಸನ್ನೆಯಾದ ಫೋರ್ಕನ್ನು ಕೇಬಲ್ ಎಳೆಯುತ್ತಿತ್ತು, ಸ್ಲೇವ್ ತಳ್ಳುತ್ತದೆ. ಹಾಗಾಗಿ ಅದು ಫೋರ್ಕಿನ ಇನ್ನೊಂದು ಪಕ್ಕಕ್ಕೆ ಬರಬೇಕು. ಬ್ರಾಕೆಟ್ಟನ್ನು ಚಾಸಿಗೆ ಕೂರಿಸದೆ ಗೇರ್‌ಬಾಕ್ಸ್ ಹೌಸಿಂಗಿನ ಬೋಲ್ಟ್‌ಗಳಿಗೇ ಕೂರಿಸಿದೆ.

ಎಡವಿದ್ದು ಲೆಕ್ಕದಲ್ಲಿ. ಪೆಡಲ್ ಹಗುರವಾಗಲಿ ಅಂತ 5/8 ಇಂಚಿನ ಮಾಸ್ಟರ್‌ಗೆ 7/8 ಇಂಚಿನ ಸ್ಲೇವ್ ತಂದೆ. ಪೆಡಲ್ ಬೆಣ್ಣೆಯ ಹಾಗಿತ್ತು, ಆದರೆ ಕ್ಲಚ್ ಪೂರ್ತಿ ಬಿಡದೆ ರಿವರ್ಸ್ ಹಾಕಿದರೆ ಕರ್ರ್ ಅಂತ ಸದ್ದು. ಎರಡರ ಬಾಯಿಯ ವಿಸ್ತೀರ್ಣ ಹೋಲಿಸಿದರೆ ಸುಮಾರು ಎರಡು ಪಟ್ಟು ಬರುತ್ತದೆ. ಅಂದರೆ ಮಾಸ್ಟರ್ 30 ಮಿ.ಮೀ. ಹೋದರೆ ಸ್ಲೇವ್ ಹೋಗುವುದು 15 ಮಾತ್ರ. ನನ್ನ ಫೋರ್ಕಿನ ತುದಿಗೆ ಬೇಕಾಗಿದ್ದು 20. ಬಲ ಎಷ್ಟು ಪಟ್ಟು ಜಾಸ್ತಿ ಸಿಗುತ್ತದೋ, ಓಟ ಅಷ್ಟೇ ಪಟ್ಟು ಕಮ್ಮಿ. ಎಣ್ಣೆ ಏನನ್ನೂ ಬಿಟ್ಟಿ ಕೊಡಲ್ಲ. 3/4 ಇಂಚಿನ ಸ್ಲೇವ್ ಹಾಕಿದ ಮೇಲೆ 20.8 ಬಂತು, ಸರಿಹೋಯಿತು. ಪೆಡಲ್ ಸ್ವಲ್ಪ ಬಿಗಿಯಾಯಿತು, ಆದರೂ ತುಕ್ಕು ಹಿಡಿದ ಕೇಬಲ್ಲಿಗಿಂತ ಎಷ್ಟೋ ವಾಸಿ.

ಇನ್ನೊಂದು ಕಡೆ ಓಟ ಸೋರುತ್ತಿತ್ತು. ಮಗಳ ಕೈಲಿ ಪೆಡಲ್ ಒತ್ತಿಸಿ ಬಾನೆಟ್ ಎತ್ತಿ ನೋಡಿದರೆ, ಮಾಸ್ಟರ್ ಕೂತಿದ್ದ ತಗಡೇ ಮುಂದಕ್ಕೆ ಬಾಗುತ್ತಿದೆ! ಒಳಗಿನಿಂದ 4 ಮಿ.ಮೀ. ದಪ್ಪದ ಪ್ಲೇಟು ಕೊಟ್ಟು ಪೆಡಲ್ ಬಾಕ್ಸಿಗೆ ಸೇರಿಸಿ ಬಿಗಿಸಿದೆ.

ಪೈಪಿನೊಳಗೆ ಸಿಕ್ಕಿಕೊಂಡ ಏರ್ ತೆಗೆಯುವುದಕ್ಕೆ ಇಡೀ ಭಾನುವಾರ ಹೋಯಿತು. ಮೊದಲು ಸ್ಲೇವನ್ನು, ಗಾಳಿ ಬಿಡುವ ಬ್ಲೀಡ್ ನಿಪ್ಪಲ್ ಕೆಳಗೆ ಬರುವಂತೆ ಕೂರಿಸಿದ್ದೆ. ಗಾಳಿ ಮೇಲೆ ನಿಲ್ಲುತ್ತದೆ, ನಾನು ಕೆಳಗೆ ತೆಗೆಯುತ್ತಿದ್ದೇನೆ! ತಿರುಗಿಸಿ ಕೂರಿಸಿ, ದನಕ್ಕೆ ಇಂಜೆಕ್ಷನ್ ಕೊಡುವ ದೊಡ್ಡ ಹೊಸ ಸಿರಿಂಜಿನಿಂದ ಕೆಳಗಿನಿಂದಲೇ ಎಣ್ಣೆ ತಳ್ಳಿದೆ. ಗುಳ್ಳೆಗಳು ಮಾಸ್ಟರ್ ಮೇಲಿನ ಎಣ್ಣೆ ಡಬ್ಬಿಗೆ ಬಂದು ಒಡೆದವು. ಹಾಕಿದ್ದು ಡಾಟ್ 4 ಬ್ರೇಕ್ ಎಣ್ಣೆ. ಎಂಜಿನ್ ಆಯಿಲ್ ತಾಗಿದರೆ ಒಳಗಿನ ರಬ್ಬರ್ ಊದಿಕೊಳ್ಳುತ್ತದೆ. ಬ್ರೇಕ್ ಎಣ್ಣೆ ಬಿದ್ದರೆ ಪೇಂಟ್ ಏಳುತ್ತದೆ. ನನ್ನ ಎಡ ಫೆಂಡರ್ ನೋಡಿದರೆ ಗೊತ್ತಾಗುತ್ತದೆ.

ಗೆದ್ದೆ ಅಂತ ಮುಳ್ಳಯ್ಯನಗಿರಿ ಕಡೆ ಹೊರಟರೆ, ಕೈಮರ ದಾಟಿ ಏರು ಹತ್ತುವಾಗ ಸುಟ್ಟ ವಾಸನೆ. ಎಂಜಿನ್ ಕೂಗುತ್ತದೆ, ಗಾಡಿ ಹತ್ತುತ್ತಿಲ್ಲ. ಪೆಡಲಿನಿಂದ ಮಾಸ್ಟರ್‌ನ ಪಿಸ್ಟನ್ ತಳ್ಳುವ ಪುಶ್‌ರಾಡನ್ನು ಬಿಗಿಯಾಗಿ ಹೊಂದಿಸಿದ್ದೆ. ಕಾಲು ಬಿಟ್ಟರೂ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದೆ, ಡಬ್ಬಿಗೆ ಎಣ್ಣೆ ವಾಪಸ್ ಹೋಗುವ ಸಣ್ಣ ತೂತು ಮುಚ್ಚೇ ಇತ್ತು. ಎಣ್ಣೆ ಬಿಸಿಯಾಗಿ ಹಿಗ್ಗಿ ಕ್ಲಚ್ಚನ್ನು ತಾನೇ ಒತ್ತುತ್ತಿತ್ತು. ರಸ್ತೆ ಬದಿಯಲ್ಲೇ ರಾಡ್ ಸಡಿಲಿಸಿ 1 ಮಿ.ಮೀ. ಸಂದು ಬಿಟ್ಟೆ. ಫೋರ್ಕಿನಲ್ಲೂ 2 ಮಿ.ಮೀ. ಪ್ಲೇ (ಸಡಿಲ) ಇದೆ, ಹಳೇ ರಿಟರ್ನ್ ಸ್ಪ್ರಿಂಗೂ ಇದೆ. ಫೋರ್ಕ್ ಒತ್ತುವ ರಿಲೀಸ್ ಬೇರಿಂಗ್ ಕಾಲು ಬಿಟ್ಟಾಗ ಕ್ಲಚ್ಚಿಗೆ ತಾಗಬಾರದಲ್ಲ; ಕೇಬಲ್ ಗಾಡಿಯ ಬೇರಿಂಗ್ ಸದಾ ತಿರುಗುವುದಕ್ಕೆ ಮಾಡಿದ್ದಲ್ಲ.

ಈಗ ಒಂದು ಮಳೆಗಾಲ ಕಳೆದಿದೆ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ನಮ್ಮೂರಿನ ತೇವ ಗೊತ್ತಲ್ವಾ, ಅದಕ್ಕೆ ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಪೆಡಲಿನ ಹಳೇ ಕೊಂಡಿಯನ್ನು ಕತ್ತರಿಸಿಲ್ಲ. ಸಿಲಿಂಡರಿನ ರಬ್ಬರ್ ಸೀಲ್ ಹೋದರೆ ಇರಲಿ ಅಂತ ಸೀಟಿನ ಕೆಳಗೆ ಒಂದು ಕೇಬಲ್ ಸುತ್ತಿಟ್ಟಿದ್ದೇನೆ. ಈ ಸಲ ಒರಿಜಿನಲ್.