ಅಡಿಕೆ ಗೋಡೌನಿಗೆ ಸೆನ್ಸರ್ ಹಾಕಿ ಅಡಮಾನ ಸಾಲ ಕಾಪಾಡಿದ್ದು: ನನ್ನ ಅನುಭವ

"ಅಡಿಕೆಗೆ ಬೂಸ್ಟು ಬರುತ್ತೆ ಅಂತ ಮಷಿನ್ ಹೇಳುತ್ತಂತೆ!" ಬೋರ್ಡ್ ಮೀಟಿಂಗಿನಲ್ಲಿ ಒಬ್ಬ ಡೈರೆಕ್ಟರು ಹೀಗಂದಾಗ ಎಲ್ಲರೂ ನಕ್ಕಿದ್ದರು. ಎರಡು ಮಳೆಗಾಲ ಕಳೆಯಿತು. ಈಗ ಅವರೇ "ಮಾರಾಯ, ಇನ್ನೊಂದು ಗೋಡೌನಿಗೂ ಹಾಕು" ಅಂತಿದ್ದಾರೆ.

ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಸೊಸೈಟಿ, ನಾನು ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ರೇಟು ಏರಲಿ ಅಂತ ಸದಸ್ಯರು ರಾಶಿ, ಬೆಟ್ಟೆ ಅಡಿಕೆ ಚೀಲಗಳನ್ನು ನಮ್ಮಲ್ಲಿಟ್ಟು ಸಾಲ ತೆಗೆಯುತ್ತಾರೆ. ಮಾಲು ಕೆಟ್ಟರೆ ಸಾಲಕ್ಕೆ ಆಧಾರವೇ ಇಲ್ಲ.

ಮೊದಲು ಹಾಕಿದ್ದು ಡಿಎಚ್‌ಟಿ11, ಗಾಳಿಯ ತೇವಾಂಶ ಅಳೆಯುವ ಅಗ್ಗದ ಸೆನ್ಸರ್. ನಮ್ಮ ಜುಲೈಗೆ ಅದು ಯಾವ ಲೆಕ್ಕ? ಶೇಕಡಾ 95ಕ್ಕೆ ಹೋಗಿ ನಿಂತಿದ್ದು ಇಳಿಯಲೇ ಇಲ್ಲ. ಅದಕ್ಕಿಂತ ನಿಖರವಾದ ಎಸ್‌ಎಚ್‌ಟಿ31 ಸೆನ್ಸರಿಗೆ ಬಂದೆ. ಮೆಸೇಜ್ ಕಳಿಸಲು ತಂದ ಸಿಮ್800ಎಲ್ ಅನ್ನೋ ಮೊಬೈಲ್ ಮಾಡ್ಯೂಲ್ ಇನ್ನೂ ದೊಡ್ಡ ತಲೆನೋವು. ಅದಕ್ಕೆ 2ಜಿ ಬೇಕು, ಜಿಯೋ ಸಿಮ್ ನಡೆಯಲ್ಲ. ಜೊತೆಗೆ ವೋಲ್ಟೇಜ್ ಸ್ವಲ್ಪ ಕುಸಿದರೂ ರೀಸೆಟ್. ಕೊನೆಗೆ ಲೋರಾ, ಅಂದರೆ ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಮುಟ್ಟುವ 865 ಮೆಗಾಹರ್ಟ್ಸ್‌ನ ರೇಡಿಯೋ ಹಾಕಿ, ರಸ್ತೆಯಾಚೆ ಆಫೀಸಿನ ಬ್ರಾಡ್‌ಬ್ಯಾಂಡಿಗೆ ಮುಟ್ಟಿಸಿದೆ.

ನಿಜವಾಗಿ ಸೋತಿದ್ದು ಅಲಾರಂನಲ್ಲಿ. ಗೋಡೆಯ ಸೆನ್ಸರ್ 80 ದಾಟಿದರೆ ಮೆಸೇಜ್ ಅಂತ ಇಟ್ಟಿದ್ದೆ. ಮಲೆನಾಡಿನ ಮಳೆಗಾಲದಲ್ಲಿ 80 ದಾಟದ ದಿನ ಯಾವುದಿದೆ ಹೇಳಿ! ಸೆಕ್ರೆಟರಿ ಮೂರನೇ ದಿನಕ್ಕೆ ನನ್ನ ನಂಬರನ್ನೇ ಬ್ಲಾಕ್ ಮಾಡಿದರು. ಆಮೇಲೆ ತೂತು ಕೊರೆದ ಪಿವಿಸಿ ಪೈಪಿನಲ್ಲಿ ಸೆನ್ಸರ್ ಇಟ್ಟು ಚೀಲಗಳ ನಟ್ಟನಡುವೆ ತುರುಕಿದೆ. ಅಲ್ಲಿ ಸತತ ಆರು ಗಂಟೆ 75ರ ಮೇಲಿದ್ದರೆ ಮಾತ್ರ ಮೆಸೇಜ್. ತೇವ ತಾಗದಿರಲಿ ಅಂತ ಸರ್ಕ್ಯೂಟ್ ಬೋರ್ಡಿಗೆ ನೇಲ್ ಪಾಲಿಶ್ ಬಳಿದಿದ್ದೇನೆ. ಪೈಪಿನ ಬಾಯಿಗೆ ಏನು ಕಟ್ಟಿದ್ದೇನೆ ಅಂತ ಮಾತ್ರ ಹೇಳಲ್ಲ, ಅದಕ್ಕೇ ಒಂದು ವರ್ಷ ತಿಂದಿದ್ದೇನೆ.

ಶಟರಿಗೂ ಒಂದು ಮ್ಯಾಗ್ನೆಟ್ ಸ್ವಿಚ್ ಹಾಕಿದ್ದೆ. ಒಂದು ರಾತ್ರಿ ಎರಡು ಗಂಟೆಗೆ 'ಓಪನ್' ಅಂತ ಬಂತು. ಕಳ್ಳ ಅಂತ ಓಡಿದರೆ, ನಮ್ಮ ವಾಚ್‌ಮನ್ ಅಡಿಕೆ ಚೀಲದ ಮೇಲೆ ಒದ್ದೆ ಕಂಬಳಿ ಹರವುತ್ತಿದ್ದ!

ತೂಕ ನೋಡಲು ಲೋಡ್ ಸೆಲ್ ಕೂಡ ಇಟ್ಟಿದ್ದೆ. ಬಿಸಿಲು ಮಳೆಗೆ ತಕ್ಕಂತೆ ತೂಕವೂ ಕುಣಿಯಿತು, ಬಿಟ್ಟೆ. ಈಗ ಅದು ನಮ್ಮ ಮನೆಯ ಜೇನುಪೆಟ್ಟಿಗೆಯ ಕೆಳಗಿದೆ.

ಇದೇ ಕೆಲಸಕ್ಕೆ ಹೊರಗಿನವರು ಕೇಳಿದ್ದು ಒಂದೂಮುಕ್ಕಾಲು ಲಕ್ಷ. ನನಗೆ ಆರು ಸೆನ್ಸರಿಗೆ ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ. ಸಿಡಿಲಿಗೆ ಸುಟ್ಟಿದ್ದು, ದಡ್ಡತನಕ್ಕೆ ಸುಟ್ಟಿದ್ದು ಇನ್ನೊಂದು ಐದು ಸಾವಿರ ಇರಬಹುದು.

ಹೋದ ಆಗಸ್ಟಿನಲ್ಲಿ ಒಂದು ಲಾಟಿನ ತೇವಾಂಶ ಮಾತ್ರ ಏರುತ್ತಾ ಹೋಯಿತು. ಚೀಲ ಬಿಚ್ಚಿ ಕೈ ಹಾಕಿದರೆ ತಣ್ಣಗೆ, ಮುಗ್ಗಲು ವಾಸನೆ. ಸರಿಯಾಗಿ ಒಣಗದ ಮಾಲು. ಆರು ಚೀಲ, ಹೆಚ್ಚುಕಡಿಮೆ ನಾಲ್ಕು ಕ್ವಿಂಟಾಲ್, ಎರಡು ಲಕ್ಷ ಬಾಳುವ ಮಾಲು. ಅವತ್ತೇ ಡ್ರೈಯರಿಗೆ ಹಾಕಿಸಿದೆವು. ಮೆಸೇಜ್ ನೋಡಿ ಓಡಿಬಂದ ಆ ಮಾಲಿನ ಸದಸ್ಯರು, "ನಂದೇ ಅಂತ ಅದಕ್ಕೆ ಹೆಂಗೆ ಗೊತ್ತಾಯ್ತು?" ಅಂದರು. ಲಾಟ್ ನಂಬರನ್ನು ಸಾಲದ ಖಾತೆಗೆ ಜೋಡಿಸಿದ್ದೇನೆ ಅಂದೆ.

"ಹಂಗಾರೆ ಬಡ್ಡಿ ಎಷ್ಟಾಯ್ತು ಅಂತ್ಲೂ ಅದನ್ನೇ ಕೇಳು. ನೀವು ಹೇಳದು ಯಾವಾಗ್ಲೂ ಜಾಸ್ತಿ ಇರ್ತದೆ."